ಒಂದು ಚೂರು

ನೀಲಿ ಸೀಮೆಸುಣ್ಣ ಸಿಗಲಿಲ್ಲ. ಭ್ರೂಣದ ಹೊರಪದರಕ್ಕೆ ನೀಲಿ, ನಡುಪದರಕ್ಕೆ ಕೆಂಪು, ಒಳಪದರಕ್ಕೆ ಹಳದಿ ಎಂದು ಇಷ್ಟು ವರ್ಷ ಬರೆದುಕೊಂಡು ಬಂದ ಕೈ ಡಬ್ಬಿಯ ತಳವನ್ನೆಲ್ಲ ತಡಕಾಡಿ ಬರೀ ಬಿಳಿಯ ತುಂಡೊಂದನ್ನು ಹಿಡಿದು ಮೇಲೆ ಬಂತು. ಸಿಕ್ಕಿದ್ದರಲ್ಲೇ ಅವನು ಕಪ್ಪು ಹಲಗೆಯ ಮೇಲೆ ವೃತ್ತ ಬರೆದ, ಎಂದಿನಂತೆ ಒಂದೇ ಬೀಸಿಗೆ, ಎಂದಿನಂತೆ ದುಂಡಗೆ. ಆದರೆ ವೃತ್ತ ಮುಗಿದ ಮೇಲೂ ಕೈ ಅಲ್ಲೇ ನಿಂತಿತು. ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದ ಫೋನು ಅಲುಗಿದಂತಾಯಿತು, ಅಲುಗಿರಲಿಲ್ಲ. ಮಗಳ ಹೊಟ್ಟೆಯಿಂದ ತೆಗೆದ ಗಡ್ಡೆಯ ವರದಿ ಇವತ್ತು ಬರಬೇಕಿತ್ತು. ರಜೆ ಹಾಕಬಹುದಿತ್ತು. ಹಾಕಿ ಮನೆಯಲ್ಲಿ ಕೂತರೆ ಹೆಂಡತಿ ಮತ್ತೆ ಅವನಿಗೆ ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳಿಸುತ್ತಿದ್ದಳು. ನಿಮ್ಮಪ್ಪನಿಗೆ ಕಾಫಿ ಬೇಕಾ ಕೇಳು, ನಿಮ್ಮಪ್ಪ ಸ್ನಾನಕ್ಕೆ ಹೋಗ್ತಾರಾ ಕೇಳು. ಅದಕ್ಕಿಂತ ಕಪ್ಪೆಯ ಭ್ರೂಣವೇ ವಾಸಿ ಎಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಾ ಅಂದುಕೊಂಡಿದ್ದ, ಅಂದುಕೊಂಡಿದ್ದಕ್ಕೆ ಕನ್ನಡಿಯ ಮುಂದೆ ನಾಚಿಕೊಂಡಿದ್ದ.

ಈ ಚೆಂಡಿನಲ್ಲಿ ಸಾವಿರಾರು ಕೋಶಗಳಿವೆ, ಎಂದು ಅವನು ತರಗತಿಗೆ ಹೇಳಿದ. ಇನ್ನೂ ಇವುಗಳಲ್ಲಿ ಯಾರೂ ಏನೂ ಆಗಿಲ್ಲ. ಚರ್ಮವಿಲ್ಲ, ರಕ್ತವಿಲ್ಲ, ಕರುಳಿಲ್ಲ. ಕೆಳಗಿನ ಅರ್ಧದಲ್ಲಿರುವ ದಪ್ಪ ಕೋಶಗಳು ಒಂದು ಬಗೆಯ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ಮೇಲಕ್ಕೆ ಹರಡುತ್ತದೆ. ಯಾವ ಕೋಶಕ್ಕೆ ಅದು ಜಾಸ್ತಿ ತಾಗುತ್ತದೋ ಅದು ಒಳಪದರವಾಗುತ್ತದೆ, ಸುಮಾರಾಗಿ ತಾಗಿದ್ದು ನಡುಪದರ, ತಾಗದೇ ಉಳಿದದ್ದು ಹೊರಪದರ. ಕರುಳು ಒಳಪದರದ್ದು, ಮೂಳೆ ಮಾಂಸ ರಕ್ತ ನಡುಪದರದ್ದು, ಚರ್ಮ ಮತ್ತು ನರ ಹೊರಪದರದ್ದು. ಕೋಶ ತಾನು ಏನಾಗಬೇಕೆಂದು ತಾನೇ ನಿರ್ಧರಿಸುವುದಿಲ್ಲ, ಪಕ್ಕದವರು ಹೇಳಿದ್ದನ್ನು ಕೇಳುತ್ತದೆ. ಇಲ್ಲಿ ಪ್ರತಿವರ್ಷ ಒಂದು ತಮಾಷೆ ಬರುತ್ತಿತ್ತು. ಬಾಯಿ ಅದನ್ನೂ ಆಡಿಬಿಟ್ಟಿತು: "ಥೇಟ್ ನಮ್ಮನೆಗಳ ಹಾಗೇ. ಪಕ್ಕದ ಮನೆಯವರು ಏನಂದ್ಕೋತಾರೋ ಅನ್ನೋದ್ರಲ್ಲೇ ನಮ್ಮ ಜನ್ಮ ಕಳೆದುಹೋಗುತ್ತೆ." ಹುಡುಗರು ನಕ್ಕರು. ನಗು ಅಡಗುವ ಮೊದಲೇ ಅವನಿಗೆ ಅಕ್ಕನ ಮುಖ ಕಂಡಿತು. ಆಸ್ಪತ್ರೆಯ ವಾರ್ಡಿನಲ್ಲಿ ಹಣ್ಣಿನ ಚೀಲವನ್ನು ಮಂಚದ ಕೆಳಗೆ ತಳ್ಳಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವನ ಕಿವಿಯ ಹತ್ತಿರ ಬಗ್ಗಿದ ಅಕ್ಕ. "ಕೂದಲಿತ್ತಂತೆ, ಹಲ್ಲಿತ್ತಂತೆ. ನಾನು ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಹುಡುಗಿ ಎಲ್ಲಾದ್ರೂ ಏನಾದ್ರೂ...?" ಅವನು ಆಗ ಏನಂದ? ಅದು ಹಾಗಲ್ಲಕ್ಕ, ಇಂಥ ಗಡ್ಡೆಗಳಲ್ಲಿ ಭ್ರೂಣದ ಮೂರೂ ಪದರಗಳಿಗೆ ಸೇರಿದ ಅಂಗಾಂಶ ಇರಬಹುದು, ಅದರ ಮೂಲ ಫಲಗೊಳ್ಳದ ಅಂಡಾಣು ಎಂದು ಶುರುಮಾಡಿದ್ದ. ಅಕ್ಕ ಭ್ರೂಣ ಎನ್ನುವ ಮಾತೊಂದನ್ನೇ ಹಿಡಿದುಕೊಂಡು, ಅಯ್ಯೋ ಎಂಬಂತೆ ಕಣ್ಣು ದೊಡ್ಡದು ಮಾಡಿ, ಮತ್ತೇನೂ ಕೇಳದೆ ಹೊರಟುಹೋಗಿದ್ದಳು. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆಯಲ್ಲಿದ್ದಾಳೆ ಎಂದೇ ಅವನು ನಂಬಿದ್ದ, ನಂಬಲು ಅನುಕೂಲವಾಗಿತ್ತು.

"ಸರ್," ಎಂದಳು ಮುಂದಿನ ಸಾಲಿನ ಹುಡುಗಿ, "ಯಾರೂ ಏನೂ ಹೇಳದೇ ಇದ್ರೆ? ಆಗ ಕೋಶ ಏನಾಗುತ್ತೆ?"

ಇದು ಅವನು ವರ್ಷವೂ ಕಾಯುವ ಪ್ರಶ್ನೆ. ಯಾರೂ ಕೇಳದಿದ್ದರೆ ತಾನೇ ಕೇಳಿ ತಾನೇ ಉತ್ತರ ಹೇಳುವ ಪ್ರಶ್ನೆ. ಹೊರಪದರದ ಕೋಶಗಳಿಗೆ ಚರ್ಮವಾಗು ಎನ್ನುವ ಸಂಕೇತ ಸದಾ ಬರುತ್ತಿರುತ್ತದೆ. ಅದನ್ನು ತಡೆದುಬಿಟ್ಟರೆ ಅವು ನರವಾಗುತ್ತವೆ. ಮಿದುಳಿಗೆ ಯಾರೂ ಅಪ್ಪಣೆ ಕೊಡಬೇಕಿಲ್ಲ, ಅಡ್ಡಿ ತೆಗೆದರೆ ಸಾಕು. ಇದನ್ನು ಹೇಳುವಾಗ ಅವನ ದನಿ ಪ್ರತಿ ಬಾರಿಯೂ ಸ್ವಲ್ಪ ಇಳಿಯುತ್ತಿತ್ತು, ಒಳ್ಳೆಯ ಗುಟ್ಟು ಹೇಳುವವನ ಹಾಗೆ. ಈ ಸಲ ಬರೀ "ನರ ಆಗುತ್ತೆ" ಎಂದ. ಹುಡುಗಿ ಪೆನ್ನು ಎತ್ತಿಕೊಂಡು ಮುಂದಿನ ಮಾತಿಗೆ ಕಾದಳು. ಫೋನು ಈಗ ನಿಜವಾಗಿ ಅಲುಗಿತು. ಆಸ್ಪತ್ರೆಯ ಪೆಥಾಲಜಿ ವಿಭಾಗದಿಂದ ಸಂದೇಶ: ವರದಿ ಸಿದ್ಧವಾಗಿದೆ, ಬಿಡುವಿದ್ದರೆ ಬನ್ನಿ, ಸ್ಲೈಡನ್ನು ನೀವೇ ನೋಡಬಹುದು. ನೀವೇ ನೋಡಬಹುದು ಎನ್ನುವುದನ್ನು ಅವನು ಎರಡು ಸಲ ಓದಿದ. ಬೇರೆ ಯಾವ ಅಪ್ಪನಿಗೂ ಅವರು ಹೀಗೆ ಬರೆದಿರಲಾರರು. ಅಂದರೆ ಸರ್ಜನ್ ಹೇಳಿದ್ದಾನೆ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಪರೇಷನ್ ದಿನ ಅವನು ಹೆಂಡತಿಯ ಜೊತೆ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಆತಂಕವಾದಾಗ ಎದುರಿಗಿರುವುದನ್ನು ಕಣ್ಣಿನಲ್ಲೇ ಅಳೆಯುವ ಅಭ್ಯಾಸ. ಆ ಬಾಗಿಲು ಸ್ಟ್ರೆಚರಿಗೆ ಕಿರಿದಾಯಿತು ಅಂದಿದ್ದಳು. ಅವನು ಹೌದು ಎಂದು ಅವಳ ಕೈ ಹಿಡಿದುಕೊಂಡಿದ್ದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು, ಅವನು ಬೇರೆ ಅಪ್ಪಂದಿರ ಹಾಗೇ ಒಬ್ಬ ಅಪ್ಪನಾಗಿದ್ದ. ಆಮೇಲೆ ಸರ್ಜನ್ ಹೊರಗೆ ಬಂದು, ಮಗಳು ಚೆನ್ನಾಗಿದ್ದಾಳೆ, ಎಡಗಡೆಯ ಅಂಡಾಶಯ ಪೂರ್ತಿ ತೆಗೆಯಬೇಕಾಯಿತು, ಬಲಗಡೆಯದು ಆರೋಗ್ಯವಾಗಿದೆ ಎಂದು ಹೇಳಿ, ಸ್ಟೀಲ್ ತಟ್ಟೆಯ ಮೇಲಿನ ಹಸಿರು ಬಟ್ಟೆ ಸರಿಸಿದ. ಸೀಳಿದ ಮೂಸಂಬಿಯಷ್ಟು ಗಾತ್ರದ ಗಡ್ಡೆ. ಒಳಗೆ ಹೆಪ್ಪುಗಟ್ಟಿದ ತುಪ್ಪದಂಥ ಕೊಬ್ಬು, ಅದರಲ್ಲಿ ಸುರುಳಿ ಸುತ್ತಿಕೊಂಡ ಉದ್ದನೆಯ ಕಪ್ಪು ಕೂದಲು, ಅಂಚಿನಲ್ಲಿ ಒಂದು ಹಲ್ಲು, ಪೂರ್ತಿ ಹಲ್ಲೇ, ಹೊಳೆಯುವ ಬಿಳಿ. ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಒಂದು ಹೆಜ್ಜೆ ಮುಂದೆ ಹೋದ. ಪುಸ್ತಕದಲ್ಲಿ ನೂರು ಸಲ ನೋಡಿದ್ದ, ಪಾಠ ಮಾಡಿದ್ದ. ಯಾವ ನೆರೆಹೊರೆಯೂ ಇಲ್ಲದ, ಯಾವ ಹೇಳಿಕೆಯೂ ತಲುಪದ ಒಂದೇ ಒಂದು ಕೋಶ ಎಲ್ಲವನ್ನೂ ತಯಾರಿಸಿದೆ, ಆದರೆ ಯಾವುದನ್ನೂ ಯಾವುದರ ಪಕ್ಕದಲ್ಲಿ ಇಡಬೇಕೆಂದು ತಿಳಿಯದೆ ಗುಡ್ಡೆ ಹಾಕಿದೆ. ಕೆಡದಂತಿಡುವ ಫಾರ್ಮಲಿನ್ನಿಗೆ ಬೀಳುವವರೆಗೆ ಕೋಶಗಳು ಜೀವಂತವಾಗಿಯೇ ಇರುತ್ತವೆ ಎಂಬ ಯೋಚನೆ ಬಂದದ್ದು ಆಗಲೇ. "ಡಾಕ್ಟ್ರೇ, ಫಾರ್ಮಲಿನ್‌ಗೆ ಹಾಕೋಕೆ ಮುಂಚೆ ಒಂದು ಚೂರು ಸಿಗಬಹುದಾ? ನನ್ನ ಲ್ಯಾಬಿಗೆ," ಎಂದುಬಿಟ್ಟ. ಸರ್ಜನ್ ಹುಬ್ಬೇರಿಸಿ, ಅವನ ಭುಜದ ಮೇಲಿಂದ ಹಿಂದಕ್ಕೆ ನೋಡಿದ. ಹಿಂದೆ ಯಾರಿದ್ದರೆಂದು ಅವನಿಗೆ ಗೊತ್ತಿತ್ತು. "ಅದೆಲ್ಲ ಪೆಥಾಲಜಿಯವರನ್ನ ಕೇಳಬೇಕು ಸರ್. ಮಗಳನ್ನ ಈಗ ನೋಡಬಹುದು, ಬೇಕಾದ್ರೆ," ಎಂದು ಬಟ್ಟೆ ಮುಚ್ಚಿದ. ಬೇಕಾದ್ರೆ ಎನ್ನುವ ಆ ಒಂದು ಮಾತು. ಸರ್ಜನ್ ಅದನ್ನು ಸುಮ್ಮನೆ ಅಂದಿರಬಹುದು. ಈ ಬಸ್ಸಿನಲ್ಲಿ ಕೂತು ಎಷ್ಟು ಬಗೆಯಲ್ಲಿ ಹೇಳಿಕೊಂಡು ನೋಡಿದರೂ ಅದು ಸುಮ್ಮನೆ ಅಂದ ಮಾತಾಗಲಿಲ್ಲ.

ಪೆಥಾಲಜಿ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹಜಾರದಲ್ಲಿ ಫಾರ್ಮಲಿನ್ನಿನ ವಾಸನೆ. ಅವನಿಗೆ ಅದು ಮನೆಯ ವಾಸನೆಯಷ್ಟೇ ಹಳೆಯದು, ಬೇರೆಯವರು ಮೂಗು ಮುಚ್ಚುವ ಕಡೆ ಅವನಿಗೆ ಎದೆ ಹಗುರಾಗುತ್ತಿತ್ತು. ಪೆಥಾಲಜಿ ಡಾಕ್ಟರು ನಿವೃತ್ತಿಗೆ ಹತ್ತಿರವಾದ ಹೆಂಗಸು, ಬಿಳಿಗೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಂಡಿದ್ದರು. "ಬನ್ನಿ ಪ್ರೊಫೆಸರೇ," ಎಂದು ಇಬ್ಬರೂ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಆ ಬದಿಯ ಕುರ್ಚಿ ತೋರಿಸಿದರು. ಒಂದು ಮಾತಿನಲ್ಲಿ ಹೇಳಿಬಿಡಿ ಎಂದು ಕೇಳಬೇಕೆಂದುಕೊಂಡಿದ್ದ. ಕೇಳಲಿಲ್ಲ. ಕಣ್ಣು ಮಸೂರಕ್ಕೆ ತಾಗಿದ್ದೇ ತಡ, ಎಷ್ಟೋ ದಿನದಿಂದ ಬಿಗಿಹಿಡಿದದ್ದೇನೋ ಸಡಿಲಾಯಿತು. ನೇರಳೆ, ಗುಲಾಬಿ. ಗೆರೆಗೆರೆಯಾದ ಚರ್ಮ, ಅದರೊಳಗೆ ಓರೆಯಾಗಿ ಇಳಿದ ಕೂದಲಿನ ಬೇರು. ಡಾಕ್ಟರು ಸ್ಲೈಡನ್ನು ಸರಿಸಿದರು. ಗಾಜಿನಂಥ ಮೃದ್ವಸ್ಥಿಯ ದ್ವೀಪ. ಮತ್ತೆ ಸರಿಸಿದರು, ಕರುಳಿನ ಒಳಗೋಡೆಯ ಎತ್ತರದ ಕೋಶಗಳು ಸಾಲುಗಟ್ಟಿ ನಿಂತಿದ್ದವು, ತಮಗೆ ಕರುಳೇ ಇಲ್ಲವೆಂದು ಗೊತ್ತಿಲ್ಲದೆ. ಹೊರಪದರ, ನಡುಪದರ, ಒಳಪದರ, ಎಂದು ಅವನು ಗಟ್ಟಿಯಾಗಿಯೇ ಹೇಳುತ್ತಾ ಹೋದ. ಡಾಕ್ಟರು ಹೂಂಗುಟ್ಟುತ್ತಿದ್ದರು. ಸ್ಲೈಡು ಇನ್ನೊಂದು ಮೂಲೆಗೆ ಸರಿಯಿತು, ನಿಂತಿತು.

ಕಡುನೀಲಿಯ ಕಿರುಕೋಶಗಳು ಸಣ್ಣ ಸಣ್ಣ ವೃತ್ತಗಳಾಗಿ ಕೂತಿದ್ದವು. ಪ್ರತಿ ವೃತ್ತದ ನಡುವೆ ಸೂಜಿಮೊನೆಯಷ್ಟು ಖಾಲಿ ಜಾಗ, ಸುತ್ತಲೂ ದಳದಂತೆ ಒತ್ತಿಕೊಂಡ ಕೋಶಗಳು. ಇದನ್ನು ಅವನು ಬಲ್ಲ. ಭ್ರೂಣದ ಬೆನ್ನಿನಲ್ಲಿ ನರನಾಳ ಮೂಡುವಾಗ ಕೋಶಗಳು ಹೀಗೇ ನಡುವಿಗೆ ಮುಖ ಮಾಡಿ ನಿಲ್ಲುತ್ತವೆ. ಇದಕ್ಕಾಗಿಯೇ ಅವನು ಈ ವಿಷಯಕ್ಕೆ ಬಂದದ್ದು. ಓದುವ ದಿನಗಳಲ್ಲಿ ಮೊದಲ ಸಲ ಇದನ್ನು ಕಂಡಾಗ ಊಟ ಮರೆತು ಕೂತಿದ್ದ. "ಆಹಾ," ಎಂದ ಅವನು. "ಎಷ್ಟು ಚೆನ್ನಾಗಿದೆ."

ಡಾಕ್ಟರು ಈ ಸಲ ಸ್ಲೈಡನ್ನು ಸರಿಸಲಿಲ್ಲ. ಮೇಲಿನ ಮಹಡಿಯಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದ ಸದ್ದು ತಲೆಯ ಮೇಲೆ ಹಾದುಹೋಯಿತು. ಆ ಸದ್ದು ಮುಗಿಯುವುದರೊಳಗೆ ಅವನಿಗೆ ತಾನು ನೋಡುತ್ತಿರುವುದು ಏನೆಂದು ತಿಳಿಯಿತು, ಮೊದಲು ಬೆನ್ನಿಗೆ, ಆಮೇಲೆ ತಲೆಗೆ.

"ಇದು ನಿಮ್ಮ ಕಪ್ಪೆಮರಿ ಅಲ್ಲ ಪ್ರೊಫೆಸರೇ," ಎಂದರು ಡಾಕ್ಟರು, ಮೆಲ್ಲಗೆ.

"ಗೊತ್ತಾಯ್ತು."

"ಹದಿನೇಳು ವರ್ಷದ ಹುಡುಗಿ ಮೈಯಲ್ಲಿ ಇದು ಇರಬಾರದು. ಚರ್ಮ, ಕೂದಲು, ಹಲ್ಲು ಇದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಅವೆಲ್ಲ ಬೆಳೆದು ಮುಗಿದಿರೋವು. ಇದು ಇನ್ನೂ ಎಳೇದು. ಬೆಳೀತೀನಿ ಅನ್ನುತ್ತೆ, ಎಲ್ಲಿಗೆ ಅಂತ ಅದಕ್ಕೇ ಗೊತ್ತಿಲ್ಲ."

ಅವನು ಮಸೂರದಿಂದ ಕಣ್ಣು ತೆಗೆಯಬೇಕೆಂದುಕೊಂಡ. ತೆಗೆದರೆ ಅವರ ಮುಖ ನೋಡಬೇಕಾಗುತ್ತಿತ್ತು. ಡಾಕ್ಟರು ಹೇಳುತ್ತಾ ಹೋದರು: ಗಡ್ಡೆಯ ಬೇರೆ ಬೇರೆ ಕಡೆಯಿಂದ ಬಹಳ ಚೂರು ಕತ್ತರಿಸಿ ನೋಡಿದ್ದೇನೆ, ಇದು ಸಿಕ್ಕಿದ್ದು ಎಲ್ಲೋ ಒಂದೆರಡು ಕಡೆ ಮಾತ್ರ, ಅದೂ ಇಷ್ಟಿಷ್ಟೇ. ಹೊರಗಿನ ಪೊರೆ ಒಡೆದಿಲ್ಲ. ಅತ್ಯಂತ ಕೆಳಗಿನ ದರ್ಜೆ ಎಂದು ಬರೆದಿದ್ದೇನೆ. ಇಂಥದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಸಾಕಾಗುತ್ತದೆ, ಔಷಧಿ ಕೊಡುವುದಿಲ್ಲ, ಆದರೆ ರಕ್ತ ಪರೀಕ್ಷೆ ಮಾಡಿಸುತ್ತಾ ಕಾವಲು ಕೂರಬೇಕು. ಕ್ಯಾನ್ಸರ್ ವಿಭಾಗದವರು ಕೂತು ತೀರ್ಮಾನ ಹೇಳುತ್ತಾರೆ. ಅವನು ಎಲ್ಲಕ್ಕೂ ತಲೆಯಾಡಿಸಿದ. ಅವನ ಮುಂದೆ ಆ ನೀಲಿ ವೃತ್ತಗಳು ಕದಲದೆ ಕೂತಿದ್ದವು. ಇನ್ನೂ ಚೆನ್ನಾಗಿಯೇ ಕಾಣುತ್ತಿದ್ದವು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ತನ್ನ ಕಣ್ಣಿಗೆ ಯಾರೋ ಇಷ್ಟು ವರ್ಷ ತಪ್ಪು ಪಾಠ ಹೇಳಿಕೊಟ್ಟಿದ್ದಾರೆ ಅನ್ನಿಸಿತು.

ಎದ್ದು ನಿಂತ ಮೇಲೆ ಡಾಕ್ಟರು, "ನೀವು ಒಂದು ಚೂರು ಕೇಳಿದ್ರಂತೆ," ಎಂದರು.

ಅವನ ಕಿವಿ ಬಿಸಿಯಾಯಿತು. "ಏನೋ, ಆ ಹೊತ್ತಲ್ಲಿ... ಬಾಯಿತಪ್ಪಿ ಬಂತು."

"ಬಾಯಿತಪ್ಪಿ ಬಂದಿಲ್ಲ ಬಿಡಿ. ನಾನೂ ಇದೇ ಕಸುಬಿನೋಳು. ನಮ್ಮಮ್ಮನ ಗಡ್ಡೆ ನಾನೇ ಕತ್ತರಿಸಿ ನೋಡಿದೀನಿ." ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಹೆಚ್ಚಿನದೊಂದು ಸ್ಲೈಡ್ ಕೊಡಬಹುದು. ಆದ್ರೆ ನೀವು ಕೇಳಬೇಕಾದ್ದು ಸರ್ಜನ್ನ ಅಲ್ಲ, ನನ್ನನ್ನೂ ಅಲ್ಲ. ಹುಡುಗಿ ಕೊಡ್ತೀನಿ ಅಂದ್ರೆ ಬನ್ನಿ."

ಮನೆಗೆ ನಡೆದೇ ಹೋದ. ದಾರಿಯುದ್ದಕ್ಕೂ ಹೆಂಡತಿಗೆ ಹೇಳುವ ವಾಕ್ಯವನ್ನು ಜೋಡಿಸುತ್ತಿದ್ದ. ಎಲ್ಲಿಂದ ಶುರುಮಾಡಿದರೂ ಅದು ತರಗತಿಯ ವಾಕ್ಯವೇ ಆಗುತ್ತಿತ್ತು. ಔಷಧಿ ಅಂಗಡಿ, ಬೀಗದ ಅಂಗಡಿ, ಸೈಕಲ್ ರಿಪೇರಿಯವನ ಮುಂದೆ ಬಿಚ್ಚಿಟ್ಟ ಚೈನು. ಅವಳು ಬಸುರಿ ಎಂದು ಖಚಿತವಾದ ದಿನ ಇದೇ ರಸ್ತೆಯಲ್ಲಿ ಇಬ್ಬರೂ ನಡೆದು ಬಂದಿದ್ದರು. ಅವನು ಬೆರಳು ಮಡಚಿ ಹಿಂದಕ್ಕೆ ಲೆಕ್ಕ ಹಾಕಿ, ಛೆ, ಮೂರು ಪದರ ಆಗುವ ವಾರ ದಾಟಿಯೇ ಹೋಗಿದೆ ಎಂದು ಪೇಚಾಡಿದ್ದ. ನಮಗೆ ಗೊತ್ತೇ ಆಗಲಿಲ್ಲ ನೋಡು, ನೀನು ಆಫೀಸಿನಲ್ಲಿ ಯಾರದೋ ಮಹಡಿಮೆಟ್ಟಿಲಿನ ನಕ್ಷೆ ಬರೀತಾ ಕೂತಿದ್ದಾಗ ಅಲ್ಲಿ ಕೋಶಗಳು ಒಂದಕ್ಕೊಂದು ಹೇಳಿಕೊಂಡು, ಸರಿದು, ಒಳಗೆ ಇಳಿದು, ಎಲ್ಲ ಮುಗಿಸಿಬಿಟ್ಟಿವೆ. "ನನಗೆ ಹುಳಿತೇಗು ಬರ್ತಿದೆ, ನಿಮಗೆ ಪದರ," ಎಂದು ಅವಳು ನಕ್ಕಿದ್ದಳು. ಮಗಳು ಹುಟ್ಟಿದ ಮೇಲೆ ಅವಳ ಮೊದಲ ಕೂದಲಿನ ಎಳೆಯೊಂದನ್ನು ಹೆಂಡತಿಯನ್ನು ಕೇಳಿ ತೆಗೆದುಕೊಂಡು ಗಾಜಿನ ಕಡ್ಡಿಯ ತುದಿಗೆ ಅಂಟಿಸಿ ಕುಣಿಕೆ ಮಾಡಿದ್ದ. ಭ್ರೂಣವನ್ನು ಗಾಯವಾಗದಂತೆ ಹೊರಳಿಸಲು ಹಸುಗೂಸಿನ ಕೂದಲಿನಷ್ಟು ಮೆತ್ತನೆಯದು ಬೇರೆ ಇಲ್ಲ. ಆಗಲೂ ಹೆಂಡತಿ ನಕ್ಕಿದ್ದಳು, ನಿಮ್ಮಪ್ಪ ನಿನ್ನನ್ನೂ ಕೆಲಸಕ್ಕೆ ಹಚ್ಚಿದ್ರು ಕಣೇ ಎಂದು. ಇಷ್ಟು ವರ್ಷ ಅವಳನ್ನು ನಗಿಸಿದ್ದೇ ಆ ಒಂದು ಹಗಲು ಥಿಯೇಟರಿನ ಬಾಗಿಲಲ್ಲಿ ಅವಳಿಗೆ ಬೇರೆಯಾಗಿ ಕಂಡಿತು. ಅವನೇನೂ ಬದಲಾಗಿರಲಿಲ್ಲ. ಬದಲಾಗಬೇಕಾದ ಹೊತ್ತಿನಲ್ಲಿ ಬದಲಾಗಲಿಲ್ಲ, ಅಷ್ಟೇ.

ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನು ಚಪ್ಪಲಿ ಬಿಡುವ ಸದ್ದಿಗೆ, "ಮಲ್ಲಿ, ನಿಮ್ಮಪ್ಪ ಬಂದ್ರು," ಎಂದು ಒಳಗಿನಿಂದಲೇ ಕೂಗಿದಳು. ಮಾತಿನಮಲ್ಲಿ ಎಂದು ಶುರುವಾಗಿ ಮಲ್ಲಿ ಎಂದು ನಿಂತ ಹೆಸರು ಅದು. ಮಾತು ಬಂದ ದಿನದಿಂದ ಬಾಯಿಗೆ ಬೀಗವಿಲ್ಲದ ಹುಡುಗಿ. ಆಸ್ಪತ್ರೆಯಿಂದ ಬಂದಮೇಲೆ ಕೇಳಿದ್ದಕ್ಕಷ್ಟೇ ಉತ್ತರ. ಅವಳ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಅವನು ಅಡುಗೆಮನೆಗೆ ಹೋಗಿ, ದಾರಿಯಲ್ಲಿ ಜೋಡಿಸಿದ ವಾಕ್ಯಗಳೆಲ್ಲ ಮರೆತು, "ರಿಪೋರ್ಟ್ ಬಂತು," ಎಂದ.

ಅವಳು ಒಲೆ ಆರಿಸಿದಳು. ಆಪರೇಷನ್ ಆದ ಮೇಲೆ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. "ಕ್ಯಾನ್ಸರ್ರಾ?"

"ಅಲ್ಲ. ಅಲ್ಲವೇ ಅಲ್ಲ ಅಂತ ಹೇಳೋಕೂ ಬರಲ್ಲ. ಅದರಲ್ಲಿ ಕೆಲವು ಎಳೆಯ ನರಕೋಶಗಳು, ಅಂದ್ರೆ ಭ್ರೂಣದ ಹಂತದಲ್ಲಿ..."

"ನಿಮ್ಮ ಪಾಠದ ಭಾಷೆ ಬೇಡ. ಉಳೀತಾಳಾ ಇಲ್ವಾ, ಅಷ್ಟು ಹೇಳಿ."

"ಉಳೀತಾಳೆ." ಹೇಳಿದ ಮೇಲೆ ಗೋಡೆಗೆ ಕೈ ಕೊಟ್ಟು ನಿಂತ. "ಇದ್ದದ್ದನ್ನ ಪೂರ್ತಿ ತೆಗೆದಿದ್ದಾರೆ. ಒಂದೆರಡು ಕಡೆ ಇತ್ತಂತೆ, ಕೆಟ್ಟದ್ದು. ಇಷ್ಟಿಷ್ಟೇ. ಔಷಧಿ ಬೇಕಾಗಲ್ಲ ಅಂತಾರೆ. ಮತ್ತೆ ಮತ್ತೆ ರಕ್ತ ನೋಡಿಸ್ತಾ ಇರಬೇಕು."

ಅವಳು ಕಟ್ಟೆಯ ಮೇಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. "ಅವತ್ತು ಆ ತಟ್ಟೆ ಮುಂದೆ ನಿಮ್ಮ ಮುಖ ನೋಡಿದೆ," ಎಂದಳು. "ಚೂರು ಕೇಳಿದ್ದಕ್ಕಲ್ಲ ನನಗೆ ಸಿಟ್ಟು. ಕೇಳೋದು ನಿಮ್ಮ ಸ್ವಭಾವ, ಗೊತ್ತಿಲ್ವಾ ನನಗೆ. ಮಲ್ಲಿ ಹುಟ್ಟಿದಾಗ ನರ್ಸು ತಂದು ತೋರಿಸಿದ್ಲಲ್ಲ, ಆವಾಗ ಇತ್ತು ನಿಮಗೆ ಆ ಮುಖ. ಅದೇ ಮುಖ. ಒಂದು ಗೆರೇನೂ ಹೆಚ್ಚುಕಡಿಮೆ ಇಲ್ಲ."

ಅಲ್ಲ ಎನ್ನಬಹುದಿತ್ತು. ಆದರೆ ಅವಳು ಅಳತೆಯಲ್ಲಿ ತಪ್ಪುವವಳಲ್ಲ, ಅದು ಅವನಿಗೆ ಗೊತ್ತಿತ್ತು.

"ನನ್ನ ವಿಷಯ ಅಡುಗೆಮನೇಲಿ ಯಾಕೆ ಮಾತಾಡ್ತಿದೀರಾ?" ಎಂದಳು ಮಲ್ಲಿ. ಬಾಗಿಲ ಚೌಕಟ್ಟಿಗೆ ಒರಗಿ, ಹೊಟ್ಟೆಯ ಹೊಲಿಗೆಯ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ನನಗೆ ಹೇಳಿ. ನಂದಲ್ವಾ ಅದು."

ಅವನು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ಅತ್ತೆ ಕೇಳಿದ್ದು ನಿಜಾನಾ? ಅದು ಮಗುನಾ?"

"ಹಾಗಲ್ಲ ಪುಟ್ಟ. ನೋಡು, ನಮ್ಮ ಮೈಯಲ್ಲಿರೋ ಒಂದೊಂದು ಅಂಡಾಣುವಿನಲ್ಲೂ..."

"ಅಪ್ಪ. ಇಲ್ಲ ಅಂತ ಮೊದಲು ಹೇಳಿ. ಆಮೇಲೆ ಪಾಠ."

"ಇಲ್ಲ," ಎಂದ ಅವನು.

"ಅತ್ತೆಗೆ ಅವತ್ತು ಹೀಗೇ ಹೇಳೋಕೆ ಏನಾಗಿತ್ತು ನಿಮಗೆ? ಭ್ರೂಣ ಅಂದ್ರಿ. ಅವರು ಊರಿಗೆಲ್ಲ ಏನು ಹೇಳಿರ್ತಾರೋ." ಹೊಲಿಗೆಯ ಮೇಲಿನ ಅಂಗೈಯನ್ನು ಇನ್ನಷ್ಟು ಒತ್ತಿಕೊಂಡಳು. "ನಾನು ಎಚ್ಚರ ಇದ್ದೆ. ನೀವು ಒಂದೇ ಒಂದು ಮಾತು, ನನ್ನ ಮಗಳು ಅಂಥೋಳಲ್ಲ ಅಂತಾನಾದ್ರೂ ಅಂತೀರಾ ಅಂತ ಕಾಯ್ತಾ ಇದ್ದೆ."

ಹೆಂಡತಿ ಅವನನ್ನು ನೋಡಿದಳು. ಇದು ಅವಳಿಗೂ ಹೊಸದು. ಅವನು ಜೇಬಿನಿಂದ ಫೋನು ತೆಗೆದು ಅಲ್ಲೇ, ಇಬ್ಬರ ಎದುರಿಗೇ ಅಕ್ಕನಿಗೆ ಮಾಡಿದ. ಅಕ್ಕ ಎತ್ತಿದ ಕೂಡಲೇ ಯೋಗಕ್ಷೇಮ ಶುರುಮಾಡಿದಳು. ಅವನು ಮಧ್ಯದಲ್ಲೇ, "ಅಕ್ಕ, ಒಂದು ನಿಮಿಷ. ಆಸ್ಪತ್ರೇಲಿ ನೀನು ಒಂದು ಮಾತು ಕೇಳಿದ್ದೆ. ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಇಲ್ಲ. ಅಂಥದ್ದೇನೂ ಇಲ್ಲ. ಅದು ಹುಡುಗಿ ಏನೋ ಮಾಡಿದ್ದರಿಂದ ಬರೋ ಗಡ್ಡೆ ಅಲ್ಲ. ಹುಟ್ಟಿದ ಮಗುವಿಗೂ ಬರಬಹುದು, ಅಜ್ಜಿಗೂ ಇರಬಹುದು. ಇನ್ನೊಬ್ಬರ ಹತ್ರ ಆಡಿದ್ರೆ ಅವರಿಗೂ ಇದನ್ನೇ ಹೇಳು," ಎಂದ. "ನಾನೆಲ್ಲಿ ಹಾಗಂದೆ?" ಎಂದಳು ಅಕ್ಕ. "ನಾನು ಬರೀ ಹುಡುಗಿ ಎಲ್ಲಾದ್ರೂ ಬಿದ್ಲಾ ಅಂತ ಕೇಳಿದ್ದು." ಫೋನಿನ ದನಿ ಅಡುಗೆಮನೆಯಲ್ಲೆಲ್ಲ ಕೇಳಿಸಿತು. ಮಲ್ಲಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅಯ್ಯೋ ಅಮ್ಮಾ ಎಂದು ಬಗ್ಗಿಕೊಂಡು ಕೊನೆಗೂ ಕುರ್ಚಿಯಲ್ಲಿ ಕೂತಳು.

ಆಮೇಲೆ ಅವನು ಹೇಳಿದ. ಸೀಮೆಸುಣ್ಣವಿಲ್ಲದೆ, ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತು ಹೇಳಿದ. ಯಾವುದೋ ಒಂದು ಅಂಡಾಣು ಯಾರೂ ಕರೆಯದೆ ತಾನೇ ಎರಡಾಗಿ, ನಾಲ್ಕಾಗಿ ಒಡೆಯಲು ಶುರುಮಾಡಿತು. ಯಾಕೆ ಎಂದು ನಮಗೆ ಸರಿಯಾಗಿ ತಿಳಿದಿಲ್ಲ. ಗರ್ಭದಲ್ಲಾದರೆ ಕೋಶಗಳು ಒಂದಕ್ಕೊಂದು ಹೇಳಿಕೊಳ್ಳುತ್ತವೆ, ನೀನು ಇಲ್ಲಿ, ನಾನು ಅಲ್ಲಿ, ನೀನು ಚರ್ಮ, ನಾನು ಮೂಳೆ ಎಂದು. ಆ ಮಾತುಕತೆ ಅಲ್ಲಿ ಸರಿಯಾಗಿ ನಡೆಯಲಿಲ್ಲ. ಅಲ್ಲೊಂದು ಹಲ್ಲು, ಇಲ್ಲೊಂದಿಷ್ಟು ಕೂದಲು ಮಾಡಿಟ್ಟಿತು. ಒಂದೆರಡು ಜಾಗದಲ್ಲಿ ಎಳೆಯ ನರ ಮಾಡಿ, ಅಲ್ಲಿಗೆ ನಿಲ್ಲಿಸುವುದು ಗೊತ್ತಾಗದೆ ಬೆಳೆಯುತ್ತಿತ್ತು. ಅದೇ ಅಪಾಯದ್ದು, ಅದು ಮತ್ತೆ ಬರುತ್ತದೇನೋ ಎಂದೇ ಡಾಕ್ಟರು ಕಾವಲಿರುತ್ತಾರೆ.

ಮಲ್ಲಿ ಕೇಳಿಸಿಕೊಂಡಳು. "ನರ ಅಂದ್ರೆ, ಅದಕ್ಕೆ ನೋವಾಗ್ತಿತ್ತಾ?" ಎಂದು ಕೇಳಿದಳು.

ಅವನು ಇಂಥ ಪ್ರಶ್ನೆಯನ್ನು ಯಾವ ತರಗತಿಯಲ್ಲೂ ಎದುರಿಸಿರಲಿಲ್ಲ. "ಇಲ್ಲ," ಎಂದ. ಮೊದಲು ಅದನ್ನೇ ಹೇಳಿದ. "ನೋವು ಅಂತ ತಿಳಿಯೋಕೆ ಇನ್ನೂ ಎಷ್ಟೋ ಬೇಕು. ಅದೆಲ್ಲ ಅದಕ್ಕೆ ಇರಲಿಲ್ಲ. ನೋವಾಗಿದ್ದು ನಿನಗೇ."

ಸ್ವಲ್ಪ ಹೊತ್ತಿನ ಮೇಲೆ ಸ್ಲೈಡಿನ ವಿಷಯ ಎತ್ತಿದ. ಎತ್ತುವಾಗ ಹೆಂಡತಿಯ ಕಡೆ ನೋಡಲಿಲ್ಲ. "ಅವತ್ತು ಸರ್ಜನ್ನ ಕೇಳಿಬಿಟ್ಟೆ. ನಿನ್ನನ್ನ ಕೇಳಬೇಕಿತ್ತು. ಈಗ ಕೇಳ್ತಿದೀನಿ. ಬೇಡ ಅಂದ್ರೆ ಬೇಡ."

ಮಲ್ಲಿ ಉಗುರು ಕಚ್ಚಿದಳು. "ನಾನು ಮೊದಲು ನೋಡಬೇಕು," ಎಂದಳು. "ನೀವು ನೋಡಿದೀರಾ, ಸರ್ಜನ್ ನೋಡಿದಾರೆ, ಅತ್ತೆ ಬಿಟ್ಟು ಎಲ್ಲರೂ ನೋಡಿದಾರೆ. ನಾನೊಬ್ಬಳೇ ನೋಡಿಲ್ಲ."

ಕ್ಯಾನ್ಸರ್ ವಿಭಾಗದವರು ಔಷಧಿ ಬೇಡವೆಂದೇ ತೀರ್ಮಾನ ಕೊಟ್ಟರು. ಗಡ್ಡೆಯಿಂದಾಗಿ ರಕ್ತದಲ್ಲಿ ಏರಿದ್ದ ಅಂಶ ಮೊದಲ ಪರೀಕ್ಷೆಯಲ್ಲಿ ಅರ್ಧಕ್ಕಿಳಿದಿತ್ತು, ಎರಡನೆಯದರಲ್ಲಿ ಎಲ್ಲರಲ್ಲಿರುವಷ್ಟೇ ಇತ್ತು. ಇನ್ನೂ ಕೆಲವು ವರ್ಷ ಹೀಗೆ ಸೂಜಿ ಚುಚ್ಚಿಸಿಕೊಳ್ಳುತ್ತಾ ಇರಬೇಕು. ಪ್ರತಿ ಸಲವೂ ಕಾಗದ ಕೈಗೆ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ ಎಂಬುದು ಆಗಲೇ ರೂಢಿಯಾಗಿತ್ತು. ಪೆಥಾಲಜಿ ಡಾಕ್ಟರು ಮಲ್ಲಿಯನ್ನೇ ಬರಹೇಳಿ, ಅವಳ ಕೈಗೇ ಸ್ಲೈಡಿನ ಪೆಟ್ಟಿಗೆ ಕೊಟ್ಟರು. ರಜಾದಿನದ ಮಧ್ಯಾಹ್ನವೊಂದು ಅವನು ಅವಳನ್ನು ತನ್ನ ಲ್ಯಾಬಿಗೆ ಕರೆದುಕೊಂಡು ಹೋದ. ಹೆಂಡತಿಯೂ ಬಂದಳು. ಅಷ್ಟು ಮೆಟ್ಟಿಲು ಹತ್ತುವಾಗ ತಾನೂ ಜೊತೆಗಿರಬೇಕು ಎಂದು ಮಗಳಿಗೆ ಕಾರಣ ಹೇಳಿದಳು. ಒಳಗೆ ಬಂದವಳು ಕಿಟಕಿಯ ಹತ್ತಿರ ಬ್ಯಾಗು ತೋಳಿಗೆ ಹಾಕಿಕೊಂಡೇ ನಿಂತಳು, ಈಗ ಹೊರಡುವವಳ ಹಾಗೆ.

ಮಲ್ಲಿ ಸ್ಲೈಡನ್ನು ತಾನೇ ಇಟ್ಟಳು. ಎಲ್ಲಿ ನೋಡಬೇಕೆಂದು ಅವನು ಹೇಳಲಿಲ್ಲ. ವಿದ್ಯಾರ್ಥಿಗಳು ಹೀಗೆ ಬಗ್ಗಿದ್ದಾಗ ಅವನಿಗೆ ಬಾಯಿ ತಡೆಯುತ್ತಿರಲಿಲ್ಲ: ಎಡಕ್ಕೆ ಸರಿಸು, ಅದಲ್ಲ, ಅದು ಗಾಳಿಗುಳ್ಳೆ, ಇನ್ನೂ ಎಡಕ್ಕೆ. ಈಗ ಕೈ ಹಿಂದಕ್ಕೆ ಕಟ್ಟಿಕೊಂಡು ಮಗಳ ಬೆನ್ನು ನೋಡುತ್ತಾ ನಿಂತ. ಜಡೆ ಒಂದು ಬದಿಗೆ ಜಾರಿತ್ತು. ಬಹಳ ಹೊತ್ತಾಯಿತು. ಮಾತಿನಮಲ್ಲಿ ಇಷ್ಟು ಹೊತ್ತು ಸುಮ್ಮನಿರುವುದನ್ನು ಅವನು ಕಂಡದ್ದು ಆಪರೇಷನ್ ಆದ ಮೇಲಿನ ದಿನಗಳಲ್ಲಿ ಮಾತ್ರ. ಆದರೆ ಇದು ಆ ಬಗೆಯ ಮೌನವಲ್ಲ. ಬೆರಳುಗಳು ತಿರುಪನ್ನು ಹಿಡಿದು ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಿದ್ದವು.

"ನೀಲಿ ಹೂವಿನ ಹಾಗಿರೋದು. ಮಧ್ಯೆ ತೂತು. ಇದೇನಾ?"

"ಅದೇ."

"ಇದೇ ಕೆಟ್ಟದ್ದು?"

"ಹೌದು."

ಅವಳು ಮತ್ತೆ ಬಗ್ಗಿದಳು. ಸ್ವಲ್ಪ ತಡೆದು, "ಅಪ್ಪ, ಒಂದು ಹೇಳ್ತೀನಿ. ಬೈಯಬಾರದು," ಎಂದಳು.

"ಹೇಳು."

"ಚೆನ್ನಾಗಿದೆ ಇದು." ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣಿನ ಸುತ್ತ ಮಸೂರದ ಅಂಚು ಒತ್ತಿದ ಗುರುತು. "ನನಗೆ ಭಯ ಆಗಬೇಕಲ್ವಾ? ಆಗ್ತಾನೂ ಇದೆ. ಆದ್ರೂ ಚೆನ್ನಾಗಿದೆ."

ಅವನು ಹೆಂಡತಿ ನಿಂತ ಕಡೆ ನೋಡಿದ. ನಿಜ ಹೇಳದೆ ದಾಟಿಕೊಳ್ಳುವ ನಾಲ್ಕಾರು ಮಾತುಗಳು ನಾಲಗೆಯ ತುದಿಗೇ ಇದ್ದವು.

"ನನಗೂ ಹಾಗೇ ಅನ್ನಿಸ್ತು," ಎಂದ. "ಆಸ್ಪತ್ರೇಲಿ ಮೊದಲ ಸಲ ನೋಡಿದಾಗ. ಏನು ಅಂತ ಗೊತ್ತಾಗೋಕೆ ಮುಂಚೆ. ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿಬಿಟ್ಟೆ. ಗೊತ್ತಾದ ಮೇಲೂ ಹಾಗೇ ಅನ್ನಿಸ್ತಾ ಇತ್ತು. ಅದನ್ನ ಮನೇಲಿ ಹೇಳೋ ಧೈರ್ಯ ಬರಲಿಲ್ಲ."

ಪಕ್ಕದ ಕೋಣೆಯಲ್ಲಿ ಕಪ್ಪೆಗಳ ತೊಟ್ಟಿಗೆ ನೀರು ಬೀಳುವ ಸದ್ದು ಬರುತ್ತಿತ್ತು. ಹೆಂಡತಿ ತೋಳಿನಿಂದ ಬ್ಯಾಗು ತೆಗೆದು ಮೇಜಿನ ಮೇಲಿಟ್ಟಳು.

"ಏಳು ಮಲ್ಲಿ," ಎಂದಳು. "ನನಗೂ ಜಾಗ ಕೊಡು."

ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಕುರ್ಚಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ನಕ್ಷೆಯ ಮುಂದೆ ಕೂರುವ ಹಾಗೆ ಕೂತಳು. "ಏನೂ ಕಾಣಲ್ಲ. ಮಂಜು ಮಂಜು." ಅವನು ತಿರುಪಿಗೆ ಕೈ ಚಾಚಿದ; ಅವಳು ಅವನ ಕೈಯನ್ನು ಸರಿಸಿ ತಾನೇ ತಿರುಗಿಸಿದಳು. ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ಬೆರಳು ನಿಂತಿತು, ಅವಳ ಭುಜ ಬಿಗಿಯಾಯಿತು. ಸ್ಪಷ್ಟವಾಯಿತೆಂದು ಅವನಿಗೆ ತಿಳಿಯಿತು.

"ಇಷ್ಟೇನಾ," ಎಂದಳು ಅವಳು. ಕಣ್ಣು ತೆಗೆಯಲಿಲ್ಲ. ಆಮೇಲೆ, ಅಡುಗೆಮನೆಯ ಆ ದಿನ ಬಿಟ್ಟರೆ ಮೊದಲ ಸಲ, ಮಗಳ ಮೂಲಕವಲ್ಲದೆ ಅವನಿಗೇ ಹೇಳಿದಳು: "ಎಲ್ಲಿ ಏನಿದೆ ಅಂತ ಹೇಳಿ ಈಗ. ಮೊದಲಿನಿಂದ ಹೇಳಿ. ನಿಧಾನಕ್ಕೆ."

ಅವನು ಸ್ಟೂಲೊಂದನ್ನು ಎಳೆದುಕೊಂಡು ಅವಳ ಪಕ್ಕ ಕೂತ. ಮಲ್ಲಿ ಅಮ್ಮನ ಬೆನ್ನಿಗೆ ಒರಗಿ ನಿಂತಳು. "ಅಂಚಿಗೆ ಹೋಗು," ಎಂದ ಅವನು. "ಗುಲಾಬಿ ಬಣ್ಣದ ಗೆರೆಗೆರೆ ಕಾಣ್ತಿದೆಯಾ? ಅದು ಚರ್ಮ."